ಬೆಟ್ಟದ ಮನೆಯ ವಿಮೆ ನವೀಕರಿಸುವುದಿಲ್ಲವಂತೆ. ನಿಮ್ಮ ಕಡೆ ಹೇಗಿದೆ?

ರೆಡ್‌ವುಡ್_ರಾಯ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಬೆಟ್ಟಸಾಲಿನಲ್ಲಿ ನಮ್ಮ ಮನೆ. ಮರದ್ದು, ಸುತ್ತ ರೆಡ್‌ವುಡ್ ಮರಗಳು. ವಿಮಾ ಕಂಪನಿಯಿಂದ ಕಾಗದ ಬಂದಿದೆ: ಈ ಅವಧಿ ಮುಗಿದ ಮೇಲೆ ಪಾಲಿಸಿ ನವೀಕರಿಸುವುದಿಲ್ಲ, ಕಾರಣ ಕಾಡ್ಗಿಚ್ಚಿನ ಅಪಾಯ. ನಾವು ಇದುವರೆಗೆ ಒಂದು ಕ್ಲೇಮನ್ನೂ ಹಾಕಿಲ್ಲ. ಇಲ್ಲಿನ ಕಾನೂನಿನಂತೆ 75 ದಿನ ಮೊದಲು ತಿಳಿಸಬೇಕು, ತಿಳಿಸಿದ್ದಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ಬ್ರೋಕರ್ ಎಲ್ಲ ಕಡೆ ವಿಚಾರಿಸಿ ಕೊನೆಗೆ ಬೇರೆ ಯಾರೂ ವಿಮೆ ಕೊಡದವರಿಗೆಂದೇ ಇರುವ ಫೇರ್ ಪ್ಲಾನ್ ಬಿಟ್ಟು ಬೇರೆ ದಾರಿ ಇಲ್ಲ ಅಂದರು. ಅದು, ಅದರ ಜೊತೆಗೆ ಬೇಕಾಗುವ ಇನ್ನೊಂದು ಪಾಲಿಸಿ, ಎರಡೂ ಸೇರಿದರೆ ಈಗ ಕಟ್ಟುತ್ತಿರುವುದರ ಮೂರು ಪಟ್ಟಿನ ಹತ್ತಿರ ಬರುತ್ತದೆ.

ಎರಡು ಪ್ರಶ್ನೆ. ವಿಮೆಯೇ ಬೇಡ ಅಂತ ಕೈಬಿಟ್ಟರೆ ಏನಾಗುತ್ತದೆ? ಇದೆಲ್ಲ ನಿಜಕ್ಕೂ ಹವಾಮಾನ ಬದಲಾವಣೆಯಿಂದಲೋ, ಅದರ ಹೆಸರು ಹೇಳಿಕೊಂಡು ಸುಲಿಗೆಯೋ?

ಲೆಕ್ಕದ_ಶೆಟ್ಟಿ
ನಾನು ಮರುವಿಮೆ ಕ್ಷೇತ್ರದಲ್ಲಿದ್ದೇನೆ. ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವರ ಬಳಿ ಕೆಲಸ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿಕೊಳ್ಳಿ.

ಮೊದಲ ಪ್ರಶ್ನೆಗೆ: ಸಾಲ ಇದ್ದರೆ ವಿಮೆ ಬಿಡುವ ಹಾಗಿಲ್ಲ. ನೀವು ಬಿಟ್ಟ ಕೂಡಲೇ ಬ್ಯಾಂಕ್ ತಾನೇ ಒಂದು ಪಾಲಿಸಿ ಮಾಡಿಸಿ ಅದರ ದುಡ್ಡನ್ನು ನಿಮ್ಮ ಕಂತಿಗೆ ಸೇರಿಸುತ್ತದೆ. ಅದು ಸಾಮಾನ್ಯ ಪಾಲಿಸಿಗಿಂತ ದುಬಾರಿ, ಮತ್ತು ಅದು ಕಾಯುವುದು ಬ್ಯಾಂಕಿನ ಹಣವನ್ನು, ನಿಮ್ಮ ಸಾಮಾನನ್ನಲ್ಲ. ಸಾಲ ತೀರಿದ್ದರೆ ನಿಮ್ಮಿಷ್ಟ.

ಫೇರ್ ಪ್ಲಾನ್ ಬಗ್ಗೆ ಜನರಿಗೆ ತಪ್ಪು ತಿಳಿವಳಿಕೆ ಇದೆ. ಅದು ಸರ್ಕಾರದ ದುಡ್ಡಲ್ಲ. ಆ ರಾಜ್ಯದಲ್ಲಿ ವ್ಯಾಪಾರ ಮಾಡುವ ಎಲ್ಲ ವಿಮಾ ಕಂಪನಿಗಳೂ ಸೇರಿ ನಡೆಸಬೇಕಾದ ಕೂಟ, 1968ರಲ್ಲಿ ಶುರುವಾದದ್ದು. ಬೆಂಕಿ, ಸಿಡಿಲು, ಹೊಗೆ, ಒಳಗಿನ ಸ್ಫೋಟ, ಹೆಚ್ಚುಕಡಿಮೆ ಇಷ್ಟೇ ಅದರ ಮೂಲ ರಕ್ಷಣೆ. ಮನೆಗೆ ಗರಿಷ್ಠ ಮಿತಿ 30 ಲಕ್ಷ ಡಾಲರ್. ಪೈಪ್ ಒಡೆದು ನೀರು ನುಗ್ಗಿದರೆ, ಕಳ್ಳತನವಾದರೆ, ನಿಮ್ಮ ಅಂಗಳದಲ್ಲಿ ಯಾರೋ ಬಿದ್ದು ಕೇಸು ಹಾಕಿದರೆ ಅದು ಬರುವುದಿಲ್ಲ. ಅದಕ್ಕೇ ಬ್ರೋಕರ್ ಹೇಳಿದ ಎರಡನೇ ಪಾಲಿಸಿ. ಕೊನೆಯ ಆಸರೆ ಅಂತ ಮಾಡಿದ್ದು ಈಗ ಎಷ್ಟೋ ಊರುಗಳಲ್ಲಿ ಮೊದಲ ಆಸರೆಯಾಗಿ ಕೂತಿದೆ.

ಎರಡನೇ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ, ಆಮೇಲೆ ಬರೆಯುತ್ತೇನೆ. ಈಗ ಊಟದ ಹೊತ್ತು.

ಖಡಕ್_ಪ್ರಶ್ನೆ
ಶೆಟ್ರು ಊಟ ಮುಗಿಸಿ ಬರೋದರೊಳಗೆ ನಾನು ಹೇಳಿಬಿಡ್ತೀನಿ. ಎಲ್ಲದಕ್ಕೂ ಹವಾಮಾನ ಅನ್ನೋದು ಈಗ ಸುಲಭದ ನೆಪ. 2020ರ ನಂತರ ಮರಮುಟ್ಟು, ಸಿಮೆಂಟು, ಬಡಗಿಯ ಕೂಲಿ ಎಲ್ಲ ಏರಿದೆ, ಮನೆ ಮತ್ತೆ ಕಟ್ಟುವ ಖರ್ಚೇ ಜಾಸ್ತಿಯಾದ ಮೇಲೆ ಪ್ರೀಮಿಯಂ ಏರದೆ ಇರುತ್ತಾ? ಫ್ಲೋರಿಡಾ ನೋಡಿ. ಇಡೀ ದೇಶದ ಮನೆ ವಿಮೆ ಕ್ಲೇಮುಗಳಲ್ಲಿ ಹತ್ತನೇ ಒಂದು ಪಾಲೂ ಅಲ್ಲಿಯದ್ದಲ್ಲ, ಮೊಕದ್ದಮೆಗಳಲ್ಲಿ ಮಾತ್ರ ಮುಕ್ಕಾಲು ಪಾಲು ಅಲ್ಲಿಯದೇ ಆಗಿತ್ತು. 2022ರ ಡಿಸೆಂಬರಿನಲ್ಲಿ ಕಾನೂನು ಬದಲಿಸಬೇಕಾಯಿತು. ಅದು ಚಂಡಮಾರುತದ ತಪ್ಪೇ, ವಕೀಲರ ತಪ್ಪೇ?

ಇನ್ನೊಂದು. ಕಾಡಿನ ಮಧ್ಯೆ ಮರದ ಮನೆ ಕಟ್ಟಿಕೊಂಡು ಬೆಂಕಿ ಬಂತು ಅಂದರೆ ಹೇಗೆ? ರಾಯರು ಬೇಜಾರು ಮಾಡ್ಕೋಬೇಡಿ, ನಿಮ್ಮನ್ನಷ್ಟೇ ಅಂತಿಲ್ಲ.

ರೆಡ್‌ವುಡ್_ರಾಯ
ಬೇಜಾರಿಲ್ಲ. ಕೆಳಗೆ ಸ್ಯಾನ್ ಹೋಸೆಯಲ್ಲಿ ಮನೆ ಕೊಳ್ಳುವ ತಾಕತ್ತು ಇರಲಿಲ್ಲ, ಅದಕ್ಕೇ ಬೆಟ್ಟ ಹತ್ತಿದ್ದು. ನಮ್ಮ ರಸ್ತೆಯಲ್ಲಿ ಅರ್ಧಕ್ಕರ್ಧ ಜನ ಹಾಗೆ ಬಂದವರೇ. ಶೋಕಿಗೆ ಬಂದವರು ಕಡಿಮೆ.

ಲೆಕ್ಕದ_ಶೆಟ್ಟಿ
ಖಡಕ್ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಟ್ಟಡದ ಖರ್ಚು, ಮೊಕದ್ದಮೆ, ಬಡ್ಡಿ ದರ, ಮೂರೂ ಪ್ರೀಮಿಯಂ ಒಳಗೆ ಕೂತಿವೆ. ಆದರೆ ಅವು ಮೂರೂ ಬೆಲೆ ಏರಿಸುತ್ತವೆ. ಕಂಪನಿ ಒಂದು ರಾಜ್ಯದಿಂದಲೇ ಕಾಲು ಕೀಳುವಂತೆ ಮಾಡುವುದು ಬೇರೆಯದು.

ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನಮತದಿಂದ ಪ್ರೊಪೊಸಿಷನ್ 103 ಬಂತು. ಅಂದಿನಿಂದ ದರ ಏರಿಸಲು ರಾಜ್ಯದ ವಿಮಾ ಆಯುಕ್ತರ ಒಪ್ಪಿಗೆ ಮೊದಲೇ ಬೇಕು. ಕಾಡ್ಗಿಚ್ಚಿನ ಲೆಕ್ಕವನ್ನು ಹಿಂದಿನ ವರ್ಷಗಳ ನಷ್ಟದ ಸರಾಸರಿಯ ಮೇಲೆಯೇ ಮಾಡಬೇಕಿತ್ತು, ಮುಂದೆ ಏನಾಗಬಹುದು ಎಂಬ ಮಾದರಿಗಳನ್ನು ಬಳಸುವ ಹಾಗಿರಲಿಲ್ಲ. ಮರುವಿಮೆಗೆ ಕೊಟ್ಟ ದುಡ್ಡನ್ನು ಗ್ರಾಹಕರ ದರಕ್ಕೆ ಸೇರಿಸುವಂತಿರಲಿಲ್ಲ. ಗ್ರಾಹಕರಿಗೆ ಇದರಿಂದ ದಶಕಗಳ ಕಾಲ ಒಳ್ಳೆಯದೇ ಆಯಿತು. ಹಿಂದಿನ ವರ್ಷಗಳ ಹಾಗೆಯೇ ಮುಂದಿನ ವರ್ಷಗಳೂ ಇರುತ್ತವೆ ಅನ್ನುವವರೆಗೆ ಈ ಲೆಕ್ಕ ಸರಿಯೇ.

2017ರಲ್ಲಿ ಸಾಂತಾ ರೋಸಾ ಸುಟ್ಟಿತು. 2018ರಲ್ಲಿ ಪ್ಯಾರಡೈಸ್ ಎಂಬ ಊರೇ ಹೋಯಿತು: 85 ಸಾವು, 18,000ಕ್ಕೂ ಹೆಚ್ಚು ಕಟ್ಟಡ. ಆ ಎರಡು ವರ್ಷ ಸೇರಿ ಅಲ್ಲಿನ ಮನೆ ವಿಮೆ ವ್ಯಾಪಾರದ ಸುಮಾರು ಕಾಲು ಶತಮಾನದ ಲಾಭವನ್ನು ನುಂಗಿದವು. ಆಮೇಲೂ ದರ ನಿಧಾನಕ್ಕೇ ಏರಿತು. 2023ರ ಮೇ ತಿಂಗಳಲ್ಲಿ ಅತಿ ದೊಡ್ಡ ಕಂಪನಿ ಸ್ಟೇಟ್ ಫಾರ್ಮ್ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. 2024ರ ಮಾರ್ಚಿನಲ್ಲಿ ಸುಮಾರು 72,000 ಪಾಲಿಸಿ ನವೀಕರಿಸುವುದಿಲ್ಲ ಎಂದಿತು, ಲಾಸ್ ಏಂಜಲಿಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನ ಮನೆಗಳೂ ಅದರಲ್ಲಿದ್ದವು. 2025ರ ಜನವರಿಯಲ್ಲಿ ಅದೇ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಎರಡೂ ಹೊತ್ತಿಕೊಂಡವು. 16,000ಕ್ಕೂ ಹೆಚ್ಚು ಕಟ್ಟಡ ನಾಶ.

ಆ ಬೆಂಕಿಯ ಹಿಂದಿನ ಎರಡು ಚಳಿಗಾಲ ಭರ್ಜರಿ ಮಳೆಯಾಗಿ ಹುಲ್ಲು ಪೊದೆ ದಟ್ಟವಾಗಿ ಬೆಳೆದಿತ್ತು. ಮೂರನೇ ವರ್ಷ ಮಳೆಗಾಲ ಶುರುವಾಗಬೇಕಾದ ಹೊತ್ತಿಗೆ ಮಳೆಯೇ ಇಲ್ಲ. ಎಲ್ಲ ಒಣಗಿ ನಿಂತಾಗ ಸಾಂತಾ ಆನಾ ಎಂಬ ಒಳನಾಡಿನ ಒಣಗಾಳಿ ಬೀಸಿತು. ಬೆಂಕಿಗೆ ಹವಾಮಾನವೇ ಕಿಡಿ ಹಚ್ಚುವುದಿಲ್ಲ, ನಿಜ. ಅದು ಸೌದೆ ಒಣಗಿಸಿ ಇಡುತ್ತದೆ.

ವಿಮೆ ವರ್ಷ ವರ್ಷವೂ ಹೊಸ ಬೆಲೆ ಹೇಳುತ್ತದೆ, ಮನೆ ಸಾಲ ಮಾತ್ರ 30 ವರ್ಷದ್ದು. ನೀವು ಸಾಲ ಮಾಡುವಾಗ ಕಂತನ್ನು ಲೆಕ್ಕ ಹಾಕಿದಿರಿ. ಪ್ರೀಮಿಯಂ ಮೂರು ಪಟ್ಟಾದರೆ ಏನು ಮಾಡೋಣ ಅಂತ ಯಾರೂ ಕೇಳಲಿಲ್ಲ.

ಹುಬ್ಬಳ್ಳಿ_ಹೂಸ್ಟನ್
ರಾಯರ, ನಿಮ್ಮಲ್ಲಿ ಬೆಂಕಿ, ನಮ್ಮಲ್ಲಿ ನೀರು ಮತ್ತ ಆಣಿಕಲ್ಲು. ಟೆಕ್ಸಸ್‌ಗೆ ಹೊಸದಾಗಿ ಬಂದು ಮನಿ ತಗೊಳ್ಳೋರು ಸ್ವಲ್ಪ ಕೇಳ್ರಿ. ಸಾಮಾನ್ಯ ಮನಿ ಪಾಲಿಸಿಯೊಳಗ ಪ್ರವಾಹ ಇರೂದಿಲ್ಲ. ಅದಕ್ಕ ಫೆಡರಲ್ ಸರ್ಕಾರದ್ದು ಬ್ಯಾರೆ ಯೋಜನಾ ಅದ. ಕಟ್ಟಡಕ್ಕ ಜಾಸ್ತಿ ಅಂದ್ರ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000. ತಗೊಂಡ ಮ್ಯಾಲೆ ಜಾರಿಗೆ ಬರಾಕ 30 ದಿನ. ಚಂಡಮಾರುತ ಹುಟ್ಟೇತಿ ಅಂತ ಟಿವಿಯೊಳಗ ನೋಡಿ ಏಜೆಂಟಗ ಫೋನ್ ಹಚ್ಚಿದ್ರ ಏನೂ ಉಪಯೋಗಿಲ್ಲ.

2017ರಾಗ ಹಾರ್ವೆ ಬಂದಾಗ ಮುಳುಗಿದ ಮನಿಗಳೊಳಗ ಭಾಳಷ್ಟು 'ನೂರು ವರ್ಷಕ್ಕೊಮ್ಮೆ ಬರೂ ಪ್ರವಾಹ'ದ ನಕ್ಷೆ ಹೊರಗ ಇದ್ವು. ನಕ್ಷೆಯೊಳಗ ಇಲ್ಲ ಅಂತ ಬ್ಯಾಂಕಿನವರು ಕೇಳಿರಲಿಲ್ಲ, ಬ್ಯಾಂಕಿನವರು ಕೇಳಲಿಲ್ಲ ಅಂತ ಜನ ತಗೊಂಡಿರಲಿಲ್ಲ. 2021ರ ಅಕ್ಟೋಬರದಿಂದ ನಕ್ಷೆ ಬಿಟ್ಟು ಒಂದೊಂದು ಮನಿದೂ ಬ್ಯಾರೆ ಬ್ಯಾರೆ ಲೆಕ್ಕ ಮಾಡ್ತಾರ. ನೀವು ಇರೂ ಮನಿ ಆದ್ರ ವರ್ಷಕ್ಕ 18 ಪರ್ಸೆಂಟ್‌ಕಿಂತ ಹೆಚ್ಚು ಏರಿಸಂಗಿಲ್ಲ ಅಂತ ಮಿತಿ ಅದ. ಆದ್ರ 18ರ ಮ್ಯಾಲೆ ಮತ್ತ 18, ಅದರ ಮ್ಯಾಲೆ ಮತ್ತ 18. ಬಡ್ಡಿ ಲೆಕ್ಕ ಗೊತ್ತಿದ್ದೋರಿಗೆ ಹೇಳೂದು ಬ್ಯಾಡ.

ಪ್ರೀಮಿಯಂ ಅಷ್ಟ ನೋಡಬ್ಯಾಡ್ರಿ, ಡಿಡಕ್ಟಿಬಲ್ ನೋಡ್ರಿ, ಅಂದ್ರ ನಷ್ಟದೊಳಗ ಮೊದಲು ನೀವ ಹಾಕಬೇಕಾದ ಪಾಲು. ಗಾಳಿ ಮತ್ತ ಆಣಿಕಲ್ಲಿಗೆ ಈಗ ಪರ್ಸೆಂಟ್ ಲೆಕ್ಕ. 4 ಲಕ್ಷ ಡಾಲರ್ ಮನಿಗೆ 2 ಪರ್ಸೆಂಟ್ ಅಂದ್ರ ಮೊದಲ 8,000 ನಿಮ್ಮ ಕಿಸೆದಿಂದ. ಮಾಡು, ಅಂದ್ರ ಚಾವಣಿ, ಹಳೇದಾಗಿದ್ರ ಹೊಸ ಮಾಡಿನ ರೊಕ್ಕ ಕೊಡೂದಿಲ್ಲ, ಸವೆದದ್ದು ಕಳದು ಉಳಿದದ್ದು ಕೊಡ್ತಾರ. ಪಾಲಿಸಿ ಕೈಯಾಗ ಇರತದ, ರಕ್ಷಣಾ ಒಳಗಿಂದ ತೆಳ್ಳಗ ಆಗಿರತದ.

ಸರ್ಜಾಪುರ_ಸಂಕಟ
ಅಮೆರಿಕದವರ ಕಷ್ಟ ಓದಿ ನಮ್ಮ ಕಥೆ ಹೇಳೋಣ ಅನ್ನಿಸಿತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ನಿಮಗೆಲ್ಲ ನೆನಪಿರಬಹುದು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೂ ನೀರು ಹೊಕ್ಕಿತು. ನಮ್ಮ ಕಟ್ಟಡದಲ್ಲಿ ನೆಲಮಾಳಿಗೆ ಪೂರ್ತಿ, ಜೊತೆಗೆ ಟ್ರಾನ್ಸ್‌ಫಾರ್ಮರ್, ಲಿಫ್ಟು, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಪಂಪು. ವಿಮೆ ಇದೆಯಾ ಅಂತ ಸಂಘದ ಸಭೆಯಲ್ಲಿ ಕೇಳಿದಾಗ ಎಲ್ಲರೂ ಕೈ ಎತ್ತಿದರು: 'ಸಾಲ ತೆಗೆಯುವಾಗ ಬ್ಯಾಂಕಿನವರು ಮಾಡಿಸಿದ್ದಾರೆ'. ಕಾಗದ ತೆಗೆದು ನೋಡಿದರೆ ಬಹುತೇಕರದ್ದು ಸಾಲಗಾರ ಸತ್ತರೆ ಸಾಲ ತೀರಿಸುವ ಪಾಲಿಸಿ! ಮನೆಗೂ ಅದಕ್ಕೂ ಸಂಬಂಧವೇ ಇಲ್ಲ. ದಯವಿಟ್ಟು ಇವತ್ತೇ ನಿಮ್ಮದು ಯಾವುದು ಅಂತ ನೋಡಿಕೊಳ್ಳಿ.

ಕಾರುಗಳದ್ದು ಇನ್ನೊಂದು ರಾಮಾಯಣ. ನೀರಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿ ಇಂಜಿನ್ ಹೋದರೆ...

ನಿರ್ವಾಹಕ
ಕಾರಿನ ಇಂಜಿನ್ ಚರ್ಚೆ ಬೇರೆ ಎಳೆಯಲ್ಲಿ ನಡೆಯುತ್ತಿದೆ, ಅಲ್ಲಿಗೆ ಹೋಗಿ.

ಮಾದಾಪುರ_ಮಳೆ
ನಮ್ಮದು ಕೊಡಗು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಬಂದವು. ಮನೆ ವಿಮೆ ಅನ್ನುವ ಮಾತು ನಮ್ಮ ಊರಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಈಗ ಇದೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ನಮೂನೆಯ ಪಾಲಿಸಿ ಮಾರಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಮಾಡಿದೆ. ಬೆಂಕಿ, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತ, ಕಾಡ್ಗಿಚ್ಚು ಎಲ್ಲ ಅದರಲ್ಲೇ ಬರುತ್ತದೆ. ನಿಮ್ಮ ಅಮೆರಿಕದ ಹಾಗೆ ಪ್ರವಾಹಕ್ಕೊಂದು, ಬೆಂಕಿಗೊಂದು ಅಲ್ಲ.

ಆದರೆ ನಮ್ಮಲ್ಲಿ ಹೋಗಿದ್ದು ಬರೀ ಮನೆ ಅಲ್ಲ. ಮನೆ ನಿಂತಿದ್ದ ಜಾಗ, ಕೆಳಗಿನ ಗದ್ದೆ, ಕಾಫಿ ಗಿಡ. ಪಾಲಿಸಿ ಕಟ್ಟಡಕ್ಕೆ ದುಡ್ಡು ಕೊಡುತ್ತದೆ, ನೆಲಕ್ಕೆ ಕೊಡುವುದಿಲ್ಲ. ನೆಲವೇ ಇಲ್ಲದ ಮೇಲೆ ಆ ದುಡ್ಡಲ್ಲಿ ಎಲ್ಲಿ ಕಟ್ಟುವುದು? ಸರ್ಕಾರ ಬೇರೆ ಕಡೆ ಕಾಲೊನಿ ಮಾಡಿ ಮನೆ ಕೊಟ್ಟಿತು, ತೋಟ ಇಲ್ಲೇ ಉಳಿಯಿತು.

ಉಳ್ಳಾಲದ_ಅಲೆ
ಮಾದಾಪುರದವರು ಹೇಳಿದ್ದು ಸರಿಯೇ, ಆದ್ರೆ ಎಲ್ಲಾ ಬರ್ತದೆ ಅಂತ ನಂಬಿ ಕೂತ್ಕೊಳ್ಬೇಡಿ ಮಾರಾಯ್ರೆ. ಆ ಪಾಲಿಸಿಯ ಕಾಗದದಲ್ಲಿ ನೆಲ ಕುಸಿತದ ಕೆಳಗೆ ಏನೇನು ಕೊಡುವುದಿಲ್ಲ ಅಂತ ಒಂದು ಪಟ್ಟಿ ಉಂಟು. ಹೊಸ ಕಟ್ಟಡದ ಮಾಮೂಲು ಬಿರುಕು, ಮಣ್ಣು ತುಂಬಿಸಿದ ಜಾಗ ಕೂರುವುದು, ಕೆಟ್ಟ ವಿನ್ಯಾಸ, ಪಕ್ಕದಲ್ಲಿ ಅಗೆತ. ಅದರಲ್ಲೇ ಇನ್ನೊಂದು: ಕಡಲು ಅಥವಾ ನದಿ ಕೊರೆತ. ನಮ್ಮ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಪ್ರತಿ ಮಳೆಗಾಲ ಅದೇ ಅಲ್ವಾ ಕಥೆ? ಒಂದು ರಾತ್ರಿಯ ಬಿರುಗಾಳಿಗೆ ಗೋಡೆ ಬಿದ್ದರೆ ಕ್ಲೇಮು, ನಾಲ್ಕು ಮಳೆಗಾಲ ಕಡಲು ಅಡಿಪಾಯದ ಮರಳನ್ನು ಮೆಲ್ಲಗೆ ಎಳೆದುಕೊಂಡು ಗೋಡೆ ಬಿದ್ದರೆ ಕೊರೆತ. ಯಾವುದು ಅಂತ ಹೇಳುವವರು ನಷ್ಟ ಅಳೆಯಲು ಬರುವ ವಿಮಾ ಸರ್ವೇಯರ್. ಬಿದ್ದ ದಿನವೇ ಫೋಟೋ, ವಿಡಿಯೋ ತೆಗೆದಿಡಿ, ಆ ದಿನದ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ತೆಗೆದಿಡಿ. ತೆಂಗಿನಮರ ಹೋದದ್ದಕ್ಕೆ ಹೇಗೂ ಯಾರೂ ಕೊಡುವುದಿಲ್ಲ.

ಮಾದಾಪುರದವರೂ ಗಮನಿಸಿ, ಗುಡ್ಡ ಕಡಿದು ಮಣ್ಣು ತುಂಬಿಸಿ ಸಮ ಮಾಡಿದ ಜಾಗದ ಮನೆಗೆ ಈ ಪಟ್ಟಿಯೇ ಅಡ್ಡ ಬರಬಹುದು.

ಖಡಕ್_ಪ್ರಶ್ನೆ
ಇಂಡಿಯಾದಲ್ಲಿ ಪ್ರೀಮಿಯಂ ಎಷ್ಟಪ್ಪಾ ಇರುತ್ತೆ? ಯಾರೂ ಹೇಳ್ತಿಲ್ಲ.

ಸರ್ಜಾಪುರ_ಸಂಕಟ
50 ಲಕ್ಷದ ಕಟ್ಟಡಕ್ಕೆ ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ. ನಮ್ಮ ಅಪಾರ್ಟ್‌ಮೆಂಟಿನ ಒಂದು ತಿಂಗಳ ನಿರ್ವಹಣಾ ಶುಲ್ಕ ಅದಕ್ಕಿಂತ ಜಾಸ್ತಿ. ಆದರೂ ಯಾರೂ ಮಾಡಿಸುವುದಿಲ್ಲ!

ಲೆಕ್ಕದ_ಶೆಟ್ಟಿ
ಅಗ್ಗ ಇರುವುದಕ್ಕೆ ಕಾರಣಗಳಿವೆ. ಇಟ್ಟಿಗೆ, ಕಾಂಕ್ರೀಟಿನ ಮನೆ ಅಮೆರಿಕದ ಮರದ ಮನೆಯ ಹಾಗೆ ಪೂರ್ತಿ ಸುಟ್ಟುಹೋಗುವುದು ಅಪರೂಪ. ಮನೆ ವಿಮೆ ಮಾಡಿಸಿದವರು ಕಡಿಮೆ ಇರುವುದರಿಂದ ಒಂದು ಪ್ರವಾಹಕ್ಕೆ ಬರುವ ಮನೆ ಕ್ಲೇಮುಗಳೂ ಕಡಿಮೆ, ಕಂಪನಿಗಳಿಗೆ ಇನ್ನೂ ಬಿಸಿ ತಟ್ಟಿಲ್ಲ. ಹಾಗಂತ ಇದು ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಮರುವಿಮೆಯ ಬೆಲೆ ಜಗತ್ತಿನ ಸಂತೆಯಲ್ಲಿ ನಿಗದಿಯಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇಯನ್ ಚಂಡಮಾರುತ ಫ್ಲೋರಿಡಾಕ್ಕೆ ಬಡಿದು 2023ರ ಜನವರಿ ನವೀಕರಣದಲ್ಲಿ ಮರುವಿಮೆ ದರ ಏರಿದಾಗ ಚಂಡಮಾರುತವೇ ಕಾಣದ ಊರುಗಳವರೂ ಸ್ವಲ್ಪ ಸ್ವಲ್ಪ ತೆತ್ತರು.

ಹುಬ್ಬಳ್ಳಿ_ಹೂಸ್ಟನ್
ಶೆಟ್ರ, ಕೆಲವೇ ಸಾವಿರ ಅಂದ್ರೂ ಎಲ್ಲಾರಿಗೂ ಅಗ್ಗ ಅಲ್ರಿ. ನಮ್ಮ ಸೋದರಮಾವನ ಮನಿ ಗೋಕಾಕದಾಗ, 2019ರ ಘಟಪ್ರಭಾ ಮಹಾಪೂರದಾಗ ಅರ್ಧ ಬಿತ್ತು. ಮಣ್ಣು ಕಲ್ಲಿನ ಗ್ವಾಡಿ, ಜಾಗದ ಉತಾರ ಇನ್ನೂ ಅಜ್ಜನ ಹೆಸರಿಲೆ. ವಿಮಾ ಯಾರು ಕೊಡ್ತಾರ? ಆ ಸಲ ಪೂರಾ ಬಿದ್ದ ಮನಿಗೆ ರಾಜ್ಯ ಸರ್ಕಾರ 5 ಲಕ್ಷ ಅಂತ ಮಾಡ್ತು, ಕೇಂದ್ರದ ನಿಯಮದಾಗ ಆಗ ಇದ್ದದ್ದು 95,100. ಮನಿ ಎಷ್ಟು ಬಿದ್ದದ, ಎ ವರ್ಗನೋ ಬಿ ವರ್ಗನೋ ಸಿ ವರ್ಗನೋ ಅಂತ ಪಂಚಾಯಿತಿ ಮುಂದ ಗದ್ದಲ. ಅಲ್ಲಿನ ಮಂದಿಗೆ ಪ್ರೀಮಿಯಂ ಪ್ರಶ್ನೇನ ಬರೂದಿಲ್ಲ, ಪರಿಹಾರದ ಪಟ್ಟಿಯೊಳಗ ಹೆಸರು ಅದನೋ ಇಲ್ಲೋ ಅನ್ನೂದ ಪ್ರಶ್ನೆ.

ಮಾದಾಪುರ_ಮಳೆ
ಅದೇ. ಪರಿಹಾರ ಸರ್ಕಾರದ ಮರ್ಜಿ. ವಿಮೆ ಆದರೆ ಕೈಯಲ್ಲೊಂದು ಕರಾರು ಇರುತ್ತದೆ, ಕೇಳುವ ಹಕ್ಕು ಇರುತ್ತದೆ, ಕೊಡದಿದ್ದರೆ ವಿಮೆಯ ದೂರು ಕೇಳುವ ಒಂಬುಡ್ಸ್‌ಮನ್ ಬಳಿ ಹೋಗಬಹುದು. ನಾನು ಮನೆಗೆ ಮಾಡಿಸಿದ್ದೇನೆ, ನೆಲ ಬಿಟ್ಟು ಇಷ್ಟಾದರೂ ಉಳಿಯಲಿ ಅಂತ. ಪಕ್ಕದಲ್ಲಿ ತೋಟದ ಮಾಲೀಕರು ಕಟ್ಟಿಸಿದ ಲೈನ್ ಮನೆಯಲ್ಲಿ ಇರುವ ಕೆಲಸದವರಿಗೆ ಅದೂ ಇಲ್ಲ. ಅವರ ಮನೆ ಅವರದ್ದಲ್ಲ, ಪಾತ್ರೆ ಬಟ್ಟೆ ಮಾತ್ರ ಅವರದ್ದು.

ರೆಡ್‌ವುಡ್_ರಾಯ
ಎಲ್ಲರಿಗೂ ಧನ್ಯವಾದ. ಫೇರ್ ಪ್ಲಾನ್ ತೆಗೆದುಕೊಳ್ಳುತ್ತಿದ್ದೇವೆ, ಡಿಡಕ್ಟಿಬಲ್ ಜಾಸ್ತಿ ಮಾಡಿ ಸ್ವಲ್ಪ ಇಳಿಸಿದ್ದಾಯಿತು. ಅಗ್ನಿಶಾಮಕದವರು ಬಂದು ನೋಡಿ ಹೇಳಿದ್ದು: ಮನೆ ಸುಡುವುದು ಎದುರಿಗೆ ಬರುವ ಜ್ವಾಲೆಗಿಂತ ಹೆಚ್ಚಾಗಿ ಗಾಳಿಯಲ್ಲಿ ಹಾರಿ ಬರುವ ಕೆಂಡದಿಂದ. ಅದಕ್ಕೆ ಅಟಿಕ್ ವೆಂಟುಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ, ಗಟರಿನಲ್ಲಿ ಎಲೆ ಇರಬಾರದು, ಗೋಡೆಯಿಂದ ಐದು ಅಡಿಯೊಳಗೆ ಗಿಡ, ಮರದ ಬೇಲಿ, ಸೌದೆ ಏನೂ ಇರಬಾರದು. ಇಷ್ಟು ಮಾಡಿದರೆ ರಿಯಾಯಿತಿ ಕೊಡಲೇಬೇಕೆಂಬ ನಿಯಮ 2022ರಿಂದ ಇದೆ. ಸಿಗುವ ರಿಯಾಯಿತಿ ಜಾಲರಿಯ ಖರ್ಚಿಗೂ ಸಾಲದು, ಇರಲಿ. ಮನೆಯವಳು ಐದು ಅಡಿಯೊಳಗಿನ ದಾಸವಾಳ ಕೀಳಲು ಬಿಡುತ್ತಿಲ್ಲ, ಆ ಮಾತುಕತೆ ಇನ್ನೂ ನಡೆದಿದೆ.

ಆದರೆ ಒಂದು ಅನ್ಯಾಯ ಅನ್ನಿಸುತ್ತದೆ. ಲಾಸ್ ಏಂಜಲಿಸ್ ಬೆಂಕಿಯ ನಂತರ ಫೇರ್ ಪ್ಲಾನ್ ಹತ್ತಿರ ದುಡ್ಡು ಸಾಲದೆ 2025ರ ಫೆಬ್ರವರಿಯಲ್ಲಿ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲಿಗೆ ಒಪ್ಪಿಗೆ ಸಿಕ್ಕಿತು, ಮೂವತ್ತು ವರ್ಷಗಳಲ್ಲಿ ಮೊದಲ ಸಲ. ಅದರಲ್ಲಿ ಅರ್ಧವನ್ನು ಕಂಪನಿಗಳು ರಾಜ್ಯದ ಇತರ ಪಾಲಿಸಿದಾರರ ಮೇಲೆ ಹಾಕಬಹುದು. ಫ್ರೆಸ್ನೋದ ಬಯಲಲ್ಲಿ ಸಣ್ಣ ಮನೆ ಇರುವವನು ನನ್ನ ಬೆಟ್ಟದ ಮನೆಗೂ, ಸಮುದ್ರ ಕಾಣುವ ಬಂಗಲೆಗೂ ಕೊಡಬೇಕೇ?

ಖಡಕ್_ಪ್ರಶ್ನೆ
ಕೊಡಬಾರದು ಅಂದರೆ ನೀವು ಕೊಡಬೇಕು ರಾಯರೇ. ಪೂರ್ತಿ ಕೊಡಿ ಅಂದರೆ ನಿಮ್ಮಿಂದ ಆಗಲ್ಲ. ಹೇಳಿ ಮತ್ತೆ.

ಲೆಕ್ಕದ_ಶೆಟ್ಟಿ
ಜಗಳದ ಬುಡ ಇಲ್ಲೇ ಇರುವುದು, ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೆಲೆಯನ್ನು ಒತ್ತಿ ಹಿಡಿದರೆ ಕಂಪನಿ ಊರು ಬಿಡುತ್ತದೆ. ಬೆಲೆಯನ್ನು ಬಿಟ್ಟರೆ ದುಡ್ಡಿಲ್ಲದವರು ಊರು ಬಿಡುತ್ತಾರೆ, ದುಡ್ಡಿರುವವರು ವಿಮೆ ಇಲ್ಲದೆಯೂ ಬೆಟ್ಟದಲ್ಲಿ ಇರುತ್ತಾರೆ. ಕ್ಯಾಲಿಫೋರ್ನಿಯಾ ಈಗ ನಡುವಿನ ದಾರಿ ಹುಡುಕಿದೆ: ಮುಂದಿನ ಅಪಾಯದ ಮಾದರಿ ಬಳಸಿ, ಮರುವಿಮೆಯ ಖರ್ಚೂ ಸೇರಿಸಿ, ಬದಲಿಗೆ ಬೆಂಕಿ ಅಪಾಯದ ಪ್ರದೇಶಗಳಲ್ಲಿ ಇಡೀ ರಾಜ್ಯದ ಮಾರುಕಟ್ಟೆಯಲ್ಲಿ ನಿಮಗಿರುವ ಪಾಲಿನ ಶೇ 85ರಷ್ಟಾದರೂ ಪಾಲಿಸಿ ಬರೆಯಿರಿ ಅಂತ. ವಿಮೆ ಸಿಗುವಂತೆ ಆಗಬಹುದು, ಅಗ್ಗ ಆಗುವುದಿಲ್ಲ. 2025ರ ಮೇಯಲ್ಲಿ ಸ್ಟೇಟ್ ಫಾರ್ಮ್‌ಗೆ ಮನೆ ಪಾಲಿಸಿಗಳ ಮೇಲೆ ಶೇ 17 ತುರ್ತು ಏರಿಕೆಗೆ ಒಪ್ಪಿಗೆ ಸಿಕ್ಕಿದ್ದು ನೋಡಿದ್ದೀರಲ್ಲ.

ರೆಡಿಂಗ್_ರಂಗಮ್ಮ
ಇಂಗ್ಲೆಂಡಿನಿಂದ. ಇಲ್ಲಿ ಪ್ರವಾಹದ ಊರುಗಳಿಗೆ 2016ರಿಂದ ಫ್ಲಡ್ ರೀ ಅಂತ ವ್ಯವಸ್ಥೆ ಇದೆ. ಎಲ್ಲ ಮನೆ ವಿಮಾ ಕಂಪನಿಗಳಿಂದ ವಂತಿಗೆ ಎತ್ತಿ ಅಪಾಯದ ಮನೆಗಳ ಪ್ರವಾಹದ ಭಾಗವನ್ನು ಕಡಿಮೆ ದರಕ್ಕೆ ಹೊರುತ್ತಾರೆ. ರಾಯರ ಫ್ರೆಸ್ನೋದವನ ಹಾಗೆ ಇಲ್ಲಿಯೂ ಗುಡ್ಡದ ಮೇಲಿನವರು ಹೊಳೆ ಪಕ್ಕದವರಿಗೆ ಕೊಡುತ್ತಾರೆ. ಆದರೆ ಎರಡು ಷರತ್ತು. 2009ರ ಜನವರಿ 1ರ ನಂತರ ಕಟ್ಟಿದ ಮನೆಗೆ ಇದು ಇಲ್ಲ, ಹೊಳೆಯ ಮಗ್ಗುಲಲ್ಲಿ ಹೊಸದಾಗಿ ಕಟ್ಟಿ ಮಾರುವ ಬಿಲ್ಡರಿಗೆ ನಮ್ಮ ದುಡ್ಡಿನ ಆಸರೆ ಬೇಡ ಅಂತ. ಮತ್ತೆ 2039ಕ್ಕೆ ಇಡೀ ಯೋಜನೆಯೇ ಮುಗಿಯುತ್ತದೆ. ಅಷ್ಟರೊಳಗೆ ತಡೆಗೋಡೆಯೋ ಮನೆ ಎತ್ತರಿಸುವುದೋ ಏನಾದರೂ ಮಾಡಿಕೊಳ್ಳಿ ಅಂತ ಅರ್ಥ.

ಸರ್ಜಾಪುರ_ಸಂಕಟ
ರಂಗಮ್ಮನವರೇ, ಇದನ್ನು ಬೆಂಗಳೂರಿಗೆ ತನ್ನಿ! ಯಾವ ತಾರೀಖಿನ ನಂತರದ ಮನೆಗೆ ಇಲ್ಲ ಅಂತ ಇಟ್ಟರೆ ರಾಜಕಾಲುವೆ ಮೇಲಿನ ಲೇಔಟಿನ ಬಿಲ್ಡರುಗಳೆಲ್ಲ ಹಿಂದಿನ ತಾರೀಖಿನ ಕಾಗದ ತರುತ್ತಾರೆ, ಅದು ಬೇರೆ ಮಾತು. ನನ್ನ ಪ್ರಕಾರ ಮಾರುವಾಗಲೇ ಈ ಜಾಗಕ್ಕೆ ನೀರು ನುಗ್ಗಿದ ಇತಿಹಾಸ ಇದೆ ಅಂತ ಕ್ರಯಪತ್ರದಲ್ಲಿ ಬರೆಸಬೇಕು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಜಲಾವೃತವಾದ ಸುದ್ದಿ ಟಿವಿಯಲ್ಲಿ ಓಡುತ್ತಿದ್ದಾಗಲೂ ಕೆರೆ ನೋಟದ ಫ್ಲ್ಯಾಟಿನ ಜಾಹೀರಾತು ನಿಂತಿರಲಿಲ್ಲ.

ಖಡಕ್_ಪ್ರಶ್ನೆ
ಇದನ್ನು ಒಪ್ಪುತ್ತೇನೆ. ಹವಾಮಾನ ನೆಪ ಅಂದೆ, ಅದರ ಅರ್ಥ ಇದೇ: ಮಳೆಯನ್ನು ಬೈದು ಕಾಲುವೆ ಮುಚ್ಚಿದವನನ್ನು ಬಿಟ್ಟುಬಿಡ್ತೀವಿ.

ಲೆಕ್ಕದ_ಶೆಟ್ಟಿ
ಮಳೆಯೂ ಜಾಸ್ತಿ ಬಿತ್ತು, ಕಾಲುವೆಯೂ ಮುಚ್ಚಿತ್ತು. ಕ್ಲೇಮು ಕೊಡುವವನಿಗೆ ಎರಡೂ ಒಂದೇ ಮೊತ್ತದೊಳಗೆ ಬರುತ್ತವೆ.

ಹೊಸಬ_ಟ್ಯಾಂಪಾ
ತಡವಾಗಿ ಬಂದೆ. ಫ್ಲೋರಿಡಾದ ಫೋರ್ಟ್ ಮೈಯರ್ಸ್ ಹತ್ತಿರ ಮನೆ ನೋಡುತ್ತಿದ್ದೇವೆ, ಬೆಲೆ ಇಳಿದಿದೆ. ಕೊಳ್ಳಬಹುದೇ ಶೆಟ್ಟರೇ?

ಲೆಕ್ಕದ_ಶೆಟ್ಟಿ
ಕೊಳ್ಳಬಹುದೇ ಅಂತ ನಾನು ಹೇಳಲಾರೆ. ಮುಂಗಡ ಕೊಡುವ ಮೊದಲು ಇಷ್ಟು ಮಾಡಿ. ವಿಮೆಯ ಕೊಟೇಶನ್ ಮೊದಲು ತರಿಸಿ, ಆಮೇಲೆ ಮನೆಯ ಬೆಲೆ ಮಾತಾಡಿ. ಮಾಡಿನ ವಯಸ್ಸು ಕೇಳಿ, 15 ವರ್ಷ ದಾಟಿದ್ದರೆ ಪಾಲಿಸಿ ಕಷ್ಟ. ಗಾಳಿ ತಡೆಯುವ ಕಿಟಕಿ, ಮಾಡಿನ ಕಟ್ಟು ಇವುಗಳ ತಪಾಸಣೆ ವರದಿ ಇದ್ದರೆ ರಿಯಾಯಿತಿ ಸಿಗುತ್ತದೆ. ಆ ಮನೆಯ ಹಳೆಯ ಕ್ಲೇಮುಗಳ ವರದಿಯನ್ನು ಮಾರುವವರಿಂದ ಕೇಳಿ ಪಡೆಯಿರಿ. ಖಾಸಗಿಯವರು ಕೊಡದಿದ್ದರೆ ರಾಜ್ಯದ ಸಿಟಿಜನ್ಸ್ ಸಂಸ್ಥೆ ಇದೆ. ಆದರೆ ಒಂದು ಖಾಸಗಿ ಕಂಪನಿ ಅವರ ದರಕ್ಕಿಂತ ಶೇ 20ರೊಳಗಿನ ಹೆಚ್ಚಳಕ್ಕೆ ಮುಂದೆ ಬಂದರೆ ನೀವು ಅಲ್ಲಿಗೆ ಹೋಗಲೇಬೇಕು. ಪ್ರವಾಹ ಪಾಲಿಸಿ ಬೇರೆ ತೆಗೆದುಕೊಳ್ಳಿ, ಸಿಟಿಜನ್ಸ್‌ನಲ್ಲಿ ಗಾಳಿಯ ರಕ್ಷಣೆ ಇರುವ ಮನೆಗಳಿಗೆಲ್ಲ ಅದು 2027ರ ಹೊತ್ತಿಗೆ ಹೇಗೂ ಕಡ್ಡಾಯ. ಇಯನ್ ಬಂದಾಗ ಅಲ್ಲಿ ಎಷ್ಟೋ ಜನರ ಜಗಳ ಮನೆ ಕೆಡವಿದ್ದು ಗಾಳಿಯೋ ನೀರೋ ಎಂಬುದರ ಮೇಲೆಯೇ ನಡೆಯಿತು. ಎರಡೂ ಪಾಲಿಸಿ ಇದ್ದವರು ಬೇಗ ಮನೆ ಕಟ್ಟಿದರು.

ಆ ಎರಡರ ಪ್ರೀಮಿಯಂ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಕಂತಿಗೆ ಸೇರಿಸಿ ನೋಡಿ. ಇಳಿದ ಬೆಲೆ ಯಾಕೆ ಇಳಿದಿದೆ ಅಂತ ಅಲ್ಲಿ ಗೊತ್ತಾಗುತ್ತದೆ.